ಗಾಳ ಹಿಡಿದ ಕಲೆಕ್ಟರ್: ಹೆನ್ರಿ ಸಲಿವನ್ ಥಾಮಸ್

ಗುಂಡ್ಲುಪೇಟೆಯಿಂದ ಊಟಿಗೆ ಬೈಕಿನಲ್ಲಿ ಹೋದವರೆಲ್ಲ ಮೋಯಾರ್ ಹೊಳೆ ದಾಟಿಯೇ ಇರ್ತೀರ. ಬಂಡೀಪುರ ಮುಗಿದು ಮುದುಮಲೆ ಶುರುವಾದ ಮೇಲೆ ತೆಪ್ಪಕಾಡಿನ ಸೇತುವೆ ಸಿಗುತ್ತಲ್ಲ, ಅದರ ಕೆಳಗೆ ಹರಿಯೋದೇ ಮೋಯಾರ್. ಅಲ್ಲಿಂದ ಮುಂದೆ ಅದು ನಮ್ಮ ರಾಜ್ಯಕ್ಕೂ ತಮಿಳುನಾಡಿಗೂ ಗಡಿಯಾಗಿ, ಆಳದ ಕಮರಿಯಲ್ಲಿ ಇಳಿದು, ಭವಾನಿ ಸೇರಿ, ಕೊನೆಗೆ ಕಾವೇರಿ ಸೇರುತ್ತೆ. ಸೇತುವೆ ಮೇಲೆ ನಿಂತು ಆನೆ ಕಾಣುತ್ತಾ ಅಂತ ಎಲ್ಲರೂ ನೋಡ್ತಾರೆ. ನೀರಿನ ಒಳಗೆ ಏನಿದೆ ಅಂತ ಯಾರೂ ಕೇಳಲ್ಲ. ಆದರೆ ಈ ಹೊಳೆಯಲ್ಲಿ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲದ ಒಂದು ಮೀನಿದೆ. ಬೆನ್ನ ಮೇಲೆ ಗೂನು ಇರುವ ಮಹಸೀರ್. ಕಾವೇರಿ ದಡದವರು ಮಹಸೀರನ್ನು ಬಿಳಿ ಮೀನು ಅಂತಾರೆ.

ಈ ಗೂನು ಬೆನ್ನಿನ ಮೀನನ್ನು ಪುಸ್ತಕದ ಮೂಲಕ ಜಗತ್ತಿನ ಗಾಳಗಾರರಿಗೆ ಮೊದಲು ಪರಿಚಯ ಮಾಡಿಸಿದವರು ಒಬ್ಬ ಜಿಲ್ಲಾ ಕಲೆಕ್ಟರ್. ಹೆಸರು ಹೆನ್ರಿ ಸಲಿವನ್ ಥಾಮಸ್. ರಾಡ್ ಹಿಡಿದು ಮೀನು ಹಿಡಿಯುವವರ ಲೋಕದಲ್ಲಿ ಈ ಹೆಸರು ತುಂಬಾ ದೊಡ್ಡದು. ಕನ್ನಡದಲ್ಲಿ ಮಾತ್ರ ಇವರ ಬಗ್ಗೆ ಓದಲು ಸಿಗೋದು ಕಮ್ಮಿ. ನಮ್ಮ ಕ್ಯಾಂಪಸ್ಸಿನಲ್ಲಿ ಇತ್ತೀಚೆಗೆ ಗಾಳದ ಹುಚ್ಚು ಜೋರಾಗಿದೆ. ಆನ್‌ಲೈನಲ್ಲಿ ರಬ್ಬರ್ ಕಪ್ಪೆ ತರಿಸೋದು, ಅಮೆರಿಕದವರು ಬಾಸ್ ಮೀನು ಹಿಡಿಯೋ ವಿಡಿಯೋ ನೋಡೋದು, ಯಾವ ಲ್ಯೂರ್ ಹಾಕಬೇಕು, ಎಷ್ಟೊತ್ತಿಗೆ ಹೋಗಬೇಕು ಅಂತ ಚರ್ಚೆ ಮಾಡೋದು ನಡೀತಾನೇ ಇದೆ. ಇದೇ ಪ್ರಶ್ನೆಗಳನ್ನು ಸುಮಾರು 150 ವರ್ಷದ ಹಿಂದೆ, ನಮ್ಮದೇ ನಾಡಿನ ಹೊಳೆ ಕೆರೆಗಳ ಬಗ್ಗೆ ಕೇಳಿಕೊಂಡವರು ಥಾಮಸ್. ಅದಕ್ಕೇ ಈ ಸಲದ ವ್ಯಕ್ತಿ ಪರಿಚಯಕ್ಕೆ ನಾವು ಅವರನ್ನು ಆರಿಸಿಕೊಂಡಿದ್ದೇವೆ.

ಮಂಗಳೂರಿನ ಕಲೆಕ್ಟರ್

ಥಾಮಸ್ ಮದ್ರಾಸ್ ಸಿವಿಲ್ ಸರ್ವಿಸ್‌ನ ಅಧಿಕಾರಿ. ಆಗ ಕರ್ನಾಟಕ ಅಂತ ಒಂದು ರಾಜ್ಯ ಇರಲಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಎಲ್ಲ ಮೈಸೂರು ಸಂಸ್ಥಾನದಲ್ಲಿದ್ದವು. ಕೆನರಾ ಜಿಲ್ಲೆ ಎರಡಾಗಿ, 1862ರಲ್ಲಿ ಉತ್ತರ ಕನ್ನಡ ಬಾಂಬೆಗೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಆ ದಕ್ಷಿಣ ಕನ್ನಡಕ್ಕೆ ಥಾಮಸ್ ಕಲೆಕ್ಟರ್ ಆಗಿದ್ದರು.

ಕಲೆಕ್ಟರ್ ಅಂದ್ರೆ ಕಂದಾಯ, ಕೋರ್ಟು, ರಸ್ತೆ, ಜಮಾಬಂದಿ. ಅದರಲ್ಲಿ ಮೀನಿಗೆ ಏನು ಕೆಲಸ? ಇಲ್ಲಿ ನಮ್ಮಂಥ ಇಂಜಿನಿಯರಿಂಗ್ ಹುಡುಗರು ಗಮನಿಸಬೇಕಾದ ಒಂದು ವಿಷಯ ಇದೆ. 1860ರ ದಶಕದಲ್ಲಿ ದಕ್ಷಿಣ ಭಾರತದ ನದಿಗಳಿಗೆ ಅಡ್ಡಲಾಗಿ ಕಟ್ಟಿದ್ದ ಅಣೆಕಟ್ಟುಗಳಿಂದ ಮೀನಿಗೆ ತೊಂದರೆ ಆಗ್ತಿದೆಯಾ ಅನ್ನೋ ಪ್ರಶ್ನೆ ಎದ್ದಿತು. ಅದನ್ನು ಎತ್ತಿದವರು ಗೋದಾವರಿಗೆ ಅಣೆಕಟ್ಟು ಕಟ್ಟಿದ ಇಂಜಿನಿಯರ್ ಸರ್ ಆರ್ಥರ್ ಕಾಟನ್ ಅವರೇ. ಮೊಟ್ಟೆ ಇಡೋಕೆ ಮೀನು ಹೊಳೆಯಲ್ಲಿ ಮೇಲಕ್ಕೆ ಹೋಗಬೇಕು. ಅಡ್ಡ ಗೋಡೆ ಬಂದರೆ ಅದು ಎಲ್ಲಿಗೆ ಹೋಗಬೇಕು? ಇದನ್ನು ಪರಿಶೀಲಿಸಲು ಸರ್ಕಾರ ಫ್ರಾನ್ಸಿಸ್ ಡೇ ಎಂಬ ಸೇನಾ ವೈದ್ಯರನ್ನು ನೇಮಿಸಿತು. ಡೇ ಅವರ ವರದಿ 1873ರಲ್ಲಿ ಬಂತು. ಮುಂದೆ ಅವರೇ ಭಾರತದ ಮೀನುಗಳ ಬಗ್ಗೆ ದೊಡ್ಡ ಆಧಾರ ಗ್ರಂಥವನ್ನೂ ಬರೆದರು.

ಅದೇ ಕಾಲದಲ್ಲಿ ಥಾಮಸ್ ತಮ್ಮ ಜಿಲ್ಲೆಯ ಹೊಳೆಗಳನ್ನು ಸ್ವತಃ ನೋಡಿದರು. 1870ರಲ್ಲಿ ದಕ್ಷಿಣ ಕನ್ನಡದ ಮೀನು ಸಾಕಣೆ ಬಗ್ಗೆ ಅವರ ವರದಿ ಪ್ರಕಟವಾಯಿತು. ಅವರಿಗೆ ಕಂಡದ್ದು ಏನಂದ್ರೆ, ದೊಡ್ಡ ಮೀನು ಹಿಡಿಯೋದರಿಂದ ಆಗುವ ನಷ್ಟಕ್ಕಿಂತ ಮರಿಗಳು ಸಾಯೋದರಿಂದ ಆಗುವ ನಷ್ಟ ಜಾಸ್ತಿ. ಸಣ್ಣ ಕಣ್ಣಿನ ಬಲೆ, ಹೊಳೆಗೆ ಅಡ್ಡ ಕಟ್ಟಿ ಕೂಣಿ ಇಡೋದು, ಬೇಸಿಗೆಯಲ್ಲಿ ಗುಂಡಿಯಲ್ಲಿ ಉಳಿದ ನೀರಿಗೆ ವಿಷದ ಕಾಯಿ ಅರೆದು ಹಾಕೋದು, ಇವುಗಳಿಂದ ಒಂದು ಹೊಳೆಯ ಮುಂದಿನ ವರ್ಷದ ಮೀನೆಲ್ಲ ಒಂದೇ ದಿನದಲ್ಲಿ ಹೋಗಿಬಿಡುತ್ತೆ.

1873ರ ಪುಸ್ತಕ

ವರದಿಯನ್ನು ಯಾರು ಓದ್ತಾರೆ? ಫೈಲಿನಲ್ಲಿ ಸೇರುತ್ತೆ ಅಷ್ಟೆ. ಥಾಮಸ್ ಇದಕ್ಕೆ ಬೇರೆ ದಾರಿ ಹಿಡಿದರು. ಅವರಿಗೆ ಗಾಳ ಅಂದ್ರೆ ಪ್ರಾಣ. ದೇಶದ ಎಲ್ಲ ಕಡೆ ಬ್ರಿಟಿಷ್ ಅಧಿಕಾರಿಗಳು, ಪ್ಲಾಂಟರುಗಳು, ಸೈನಿಕರು ಇದ್ದರು. ಭಾರತದ ಹೊಳೆಗಳಲ್ಲಿ ಹಿಡಿಯುವಂಥ ಮೀನೇ ಇಲ್ಲ ಅಂತ ಅವರಲ್ಲಿ ತುಂಬಾ ಜನ ನಂಬಿದ್ದರು. ಅವರಿಗೆ ಗಾಳದ ರುಚಿ ಹತ್ತಿಸಿದರೆ ಅವರೇ ಮೀನಿನ ಪರವಾಗಿ ಮಾತಾಡ್ತಾರೆ ಅನ್ನೋದು ಥಾಮಸ್ ಲೆಕ್ಕ. ಹೀಗೆ 1873ರಲ್ಲಿ ಮಂಗಳೂರಿನಲ್ಲಿ ದಿ ರಾಡ್ ಇನ್ ಇಂಡಿಯಾ ಅಚ್ಚಾಯಿತು. ಕಿಟೆಲ್ ಅವರ ಕನ್ನಡ ನಿಘಂಟು ಅದೇ ಊರಿನಲ್ಲಿ 1894ರಲ್ಲಿ ಬಂತು ಅನ್ನೋದು ನಿಮಗೆ ಗೊತ್ತು. ಅದಕ್ಕೂ 21 ವರ್ಷ ಮೊದಲು ಅಲ್ಲಿಂದ ಮೀನು ಹಿಡಿಯುವವರ ಈ ಪುಸ್ತಕ ಹೊರಟಿತ್ತು.

ಹೆಸರು ನೋಡಿದರೆ ಇದು ಬರೀ ಮೋಜಿನ ಪುಸ್ತಕ ಅನ್ನಿಸುತ್ತೆ. ಒಳಗೆ ಮೀನಿನ ಸ್ವಭಾವ, ಸಾಕಣೆ, ಅದರ ಆಹಾರ ಮೌಲ್ಯ ಎಲ್ಲ ಇದೆ. ಬಡವರ ಊಟದಲ್ಲಿ ಮೀನಿಗೆ ಇರುವ ಜಾಗ ದೊಡ್ಡದು, ಅದನ್ನು ಉಳಿಸೋದು ಸರ್ಕಾರದ ಕೆಲಸ ಅನ್ನೋದು ಅವರ ವಾದ. ಪುಸ್ತಕ ಎಷ್ಟು ಓಡಿತು ಅಂದ್ರೆ 1881ರಲ್ಲಿ ಲಂಡನ್ನಿನಲ್ಲಿ ಎರಡನೇ ಮುದ್ರಣ, 1897ರಲ್ಲಿ ಮೂರನೇ ಮುದ್ರಣ ಬಂತು. ಮಧ್ಯೆ 1887ರಲ್ಲಿ ಕೆರೆಯಲ್ಲಿ ಗಾಳ ಹಾಕೋದರ ಬಗ್ಗೆಯೇ ಬೇರೆ ಪುಸ್ತಕ ಬರೆದರು, ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ ಅಂತ.

ಯಾವ ಲ್ಯೂರ್?

ಥಾಮಸ್ ಅವರ ಹೀರೋ ಮಹಸೀರ್. ಇಂಗ್ಲೆಂಡಿನವರಿಗೆ ಸಾಲ್ಮನ್ ಅಂದ್ರೆ ಮೀನುಗಳ ರಾಜ. ಮಹಸೀರ್ ಎದುರು ಸಾಲ್ಮನ್ ಏನೂ ಅಲ್ಲ ಅಂತ ಅವರು ಧೈರ್ಯವಾಗಿ ಬರೆದರು. ಕಾರಣವನ್ನೂ ಕೊಟ್ಟರು. ಮಹಸೀರಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲು ಇರೋದು ಗಂಟಲಿನಲ್ಲಿ. ಏಡಿ, ಬಸವನಹುಳು, ಕಾಯಿ ಏನು ಸಿಕ್ಕಿದರೂ ಅದು ನುಂಗಿ ಗಂಟಲಲ್ಲಿ ಪುಡಿ ಮಾಡುತ್ತೆ. ಬಾಯಿಯ ಹಿಡಿತವೂ ಅಷ್ಟೇ ಗಟ್ಟಿ. ಇಂಗ್ಲೆಂಡಿನಿಂದ ತಂದ ಕೊಕ್ಕೆಗಳು ಅದರ ಬಾಯಲ್ಲಿ ಮುರಿದು, ಚಪ್ಪಟೆಯಾಗಿ ಹೊರಬರ್ತಿದ್ದವು. ಹಾಗಾಗಿ ಕೊಕ್ಕೆ ಎಷ್ಟು ದಪ್ಪ ಇರಬೇಕು, ದಾರ ಎಷ್ಟು ಭಾರ ತಡೀಬೇಕು ಅನ್ನೋದಕ್ಕೆ ಅವರು ಪುಟಗಟ್ಟಲೆ ಬರೆದಿದ್ದಾರೆ. ಓದಿದರೆ ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನ ಹಳೇ ಅಜ್ಜನ ಹಾಗೆ ಕಾಣ್ತಾರೆ.

ಲ್ಯೂರ್ ವಿಷಯಕ್ಕೆ ಬಂದರೆ, ಅವರ ಕಾಲದ ಮುಖ್ಯ ಅಸ್ತ್ರ ಎರಡು. ಒಂದು, ಸಣ್ಣ ಸತ್ತ ಮೀನನ್ನು ಕೊಕ್ಕೆಗೆ ಕಟ್ಟಿ ನೀರಲ್ಲಿ ತಿರುಗುವ ಹಾಗೆ ಎಳೆಯೋದು. ಇನ್ನೊಂದು ಸ್ಪೂನ್. ನಿಜವಾಗಿ ಚಮಚದ ಆಕಾರದ ಲೋಹದ ತುಂಡು ಅದು. ಎಳೆದಾಗ ಓಲಾಡುತ್ತಾ ಮಿಂಚುತ್ತೆ, ಗಾಯಗೊಂಡ ಮರಿಮೀನು ಒದ್ದಾಡಿದ ಹಾಗೆ ಕಾಣುತ್ತೆ. ನೀರು ತಿಳಿಯಾಗಿ ಬಿಸಿಲು ಜೋರಿದ್ದರೆ ಮಂಕು ಬಣ್ಣ, ನೀರು ಸ್ವಲ್ಪ ಕದಡಿದ್ದರೆ ಅಥವಾ ಬೆಳಕು ಕಮ್ಮಿ ಇದ್ದರೆ ಹೊಳೆಯುವ ಬಣ್ಣ. ಈ ನಿಯಮವನ್ನು ಇವತ್ತಿನ ಗಾಳಗಾರರೂ ಪಾಲಿಸ್ತಾರೆ. ಲ್ಯೂರ್ ತಿರುಗಿದ ಹಾಗೆ ದಾರವೂ ಮುರಿ ಬೀಳಬಾರದು ಅಂತ ಮಧ್ಯೆ ಒಂದು ಸ್ವಿವೆಲ್ ಹಾಕಬೇಕು. ಇನ್ನು ಕಾವೇರಿ ದಡದಲ್ಲಿ ಇದ್ಯಾವುದೂ ಬೇಡ, ಗಟ್ಟಿಯಾಗಿ ಬೇಯಿಸಿದ ರಾಗಿ ಮುದ್ದೆಯೇ ಮಹಸೀರಿಗೆ ಒಳ್ಳೆ ಎರೆ ಅಂತ ಎಲ್ಲರಿಗೂ ಗೊತ್ತು. ನಾವು ತಿನ್ನೋದನ್ನೇ ಅದೂ ತಿನ್ನುತ್ತೆ.

ಆದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆ ನಮಗೆ ಸಿಗೋದು ಹೊಳೆಗಿಂತ ಕೆರೆಗಳು. ಅಲ್ಲಿಯ ರಾಜ ಕೊರವ ಮೀನು. ಕೆಲವು ಕಡೆ ಕುಚ್ಚು ಅಂತಾರೆ. ಥಾಮಸ್ ಇದನ್ನು ಮುರ್ರೆಲ್ ಅಂತ ಕರೆದು ಅದರ ಬಗ್ಗೆಯೂ ಬರೆದಿದ್ದಾರೆ. ಅಮೆರಿಕದ ವಿಡಿಯೋಗಳಲ್ಲಿ ಬಾಸ್ ಮೀನಿಗೆ ಹೇಳುವ ಟಾಪ್‌ವಾಟರ್ ಪಾಠವೆಲ್ಲ ನಮ್ಮಲ್ಲಿ ಸರಿಯಾಗಿ ಕೂರೋದು ಕೊರವನಿಗೇ. ಯಾಕಂದ್ರೆ ಕೊರವ ಗಾಳಿ ಕುಡಿಯುವ ಮೀನು. ಕಿವಿರು ಮಾತ್ರ ಸಾಲಲ್ಲ, ಆಗಾಗ ಮೇಲೆ ಬಂದು ಬಾಯಿ ತೆರೆದು ಉಸಿರು ತಗೊಂಡು ಹೋಗಬೇಕು. ಜೊಂಡು, ತಾವರೆ ಎಲೆಗಳ ಕೆಳಗೆ ಅಡಗಿಕೊಂಡು ಮೇಲಿನ ಕಪ್ಪೆಗೆ ಹೊಂಚು ಹಾಕುತ್ತೆ. ಹಾಗಾಗಿ ಹಳಬರು ಜೀವಂತ ಕಪ್ಪೆಯನ್ನೇ ಕೊಕ್ಕೆಗೆ ಹಾಕ್ತಿದ್ದರು. ಈಗ ಒಳಗೆ ಟೊಳ್ಳಾಗಿರುವ ರಬ್ಬರ್ ಕಪ್ಪೆ ಬಂದಿದೆ. ಅದರ ಕೊಕ್ಕೆಗಳು ಮೇಲ್ಮುಖವಾಗಿ ಮೈಗೆ ಅಂಟಿಕೊಂಡಿರುತ್ತವೆ, ಹಾಗಾಗಿ ಜೊಂಡಿಗೆ ಸಿಕ್ಕಿಕೊಳ್ಳಲ್ಲ. ಮೀನು ಕಚ್ಚಿದಾಗ ರಬ್ಬರ್ ಕುಗ್ಗಿ ಕೊಕ್ಕೆ ಹೊರಬರುತ್ತೆ. ನೀರು ಚಿಮ್ಮಿದ ತಕ್ಷಣ ರಾಡ್ ಎಳೆದರೆ ಕಪ್ಪೆ ಮಾತ್ರ ವಾಪಸ್ ಬರುತ್ತೆ. ಒಂದು ಕ್ಷಣ ತಡೆದು, ದಾರ ಬಿಗಿಯಾದ ಮೇಲೆ ಎಳೀಬೇಕು. ಜೊಂಡು ಇಲ್ಲದ ತೆರೆದ ನೀರಿನಲ್ಲಾದರೆ ಪಾಪರ್ ಸಾಕು. ಅದರ ಮುಂಭಾಗ ಬಟ್ಟಲಿನ ಹಾಗಿದ್ದು, ಎಳೆದಾಗ ಗುಳುಕ್ ಅಂತ ಸದ್ದು ಮಾಡುತ್ತೆ.

ಯಾವ ಹೊತ್ತು?

ಥಾಮಸ್ ಒತ್ತಿ ಹೇಳಿದ ವಿಷಯ ನೀರಿನ ತಿಳಿ. ಕೆಂಪು ನೀರಿನಲ್ಲಿ ಸ್ಪೂನ್ ಎಸೆದರೆ ಮೀನಿಗೆ ಕಾಣೋದೇ ಇಲ್ಲ. ಮಳೆಗಾಲ ಮುಗಿದು, ಹೊಳೆ ಇಳಿದು, ನೀರು ಗಾಜಿನ ಹಾಗಾದ ಮೇಲೆ ಮಹಸೀರಿನ ಕಾಲ ಶುರು. ಇದಕ್ಕೆ ಎರಡು ತಾರೀಕು ಸಾಕ್ಷಿ ಇದೆ. ಕಾವೇರಿಯಲ್ಲಿ ರಿವೆಟ್ ಕಾರ್ನಾಕ್ ಎಂಬ ಸೇನಾಧಿಕಾರಿ 119 ಪೌಂಡಿನ ಮಹಸೀರ್ ಹಿಡಿದಿದ್ದು 1919ರ ಡಿಸೆಂಬರ್ 28ಕ್ಕೆ. ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದ್ದು ಹಿಡಿದಿದ್ದು 1946ರ ಮಾರ್ಚ್ 22ಕ್ಕೆ. 120 ಪೌಂಡ್ ಅಂದ್ರೆ 54 ಕೆಜಿಗೂ ಜಾಸ್ತಿ, ನಮ್ಮಲ್ಲಿ ಎಷ್ಟೋ ಜನರ ತೂಕ. ಎರಡೂ ಒಣ ತಿಂಗಳುಗಳು.

ದಿನದಲ್ಲಾದರೆ ಬೆಳಗಿನ ಜಾವ ಮತ್ತು ಸಂಜೆ. ಬೆಳಕು ಕಮ್ಮಿ ಇದ್ದಾಗ ಸಣ್ಣ ಮೀನು ದಡಕ್ಕೆ ಬರುತ್ತವೆ, ದೊಡ್ಡವು ಅವುಗಳ ಹಿಂದೆ ಬರುತ್ತವೆ. ಮಧ್ಯಾಹ್ನದ ಬಿಸಿಲಿಗೆ ನೀರು ಕಾದರೆ ಅದರಲ್ಲಿ ಕರಗಿರುವ ಆಮ್ಲಜನಕ ಕಮ್ಮಿಯಾಗುತ್ತೆ. ಆಗ ಹೊಳೆಯಲ್ಲಿ ಮಹಸೀರ್ ಬಂಡೆಗಳ ನಡುವೆ ನೀರು ರಭಸವಾಗಿ ಹರಿಯುವ ಕಡೆ, ಇಲ್ಲವೇ ಆಳದ ಮಡುವಿಗೆ ಹೋಗುತ್ತೆ. ಕೆರೆಯಲ್ಲಿ ಕೊರವ ಎಲೆಯ ನೆರಳಿಗೆ ಹೋಗುತ್ತೆ. ಗಾಳಿ ಬೀಸಿ ಕೆರೆ ತುಂಬಾ ಅಲೆ ಎದ್ದಿದ್ದರೆ ಟಾಪ್‌ವಾಟರ್ ಲ್ಯೂರ್ ತೆಗೆದಿಡೋದು ವಾಸಿ. ಮೇಲಿನ ಸಣ್ಣ ಕದಲಿಕೆ ಕೆಳಗಿರುವ ಮೀನಿಗೆ ಗೊತ್ತಾಗಲ್ಲ.

ಕಾನೂನಿನ ದಾರಿ

ದಕ್ಷಿಣ ಕನ್ನಡದ ನಂತರ ಥಾಮಸ್ ತಂಜಾವೂರಿನ ಕಲೆಕ್ಟರ್ ಆದರು. ಮುಂದೆ ಮದ್ರಾಸಿನ ಬೋರ್ಡ್ ಆಫ್ ರೆವೆನ್ಯೂ ಸದಸ್ಯರೂ ಆದರು. 1884ರಲ್ಲಿ ಮುತ್ತು ಮತ್ತು ಶಂಖದ ಮೀನುಗಾರಿಕೆ ಬಗ್ಗೆ ವರದಿ ಬರೆದರು. ಹುದ್ದೆ ಬದಲಾದರೂ ನೀರಿನ ವಿಷಯ ಅವರನ್ನು ಬಿಡಲಿಲ್ಲ.

ಡೇ, ಥಾಮಸ್ ಮುಂತಾದವರು ಸುಮಾರು 30 ವರ್ಷ ಹೇಳಿದ್ದು ಕೊನೆಗೆ ಕಾನೂನಾಯಿತು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿಗೆ ಡೈನಮೈಟ್ ಹಾಕೋದನ್ನೂ ವಿಷ ಬೆರೆಸೋದನ್ನೂ ಅಪರಾಧ ಮಾಡಿತು. ಬಲೆಯ ಕಣ್ಣು ಎಷ್ಟಿರಬೇಕು ಅಂತ ನಿಯಮ ಮಾಡುವ ಅಧಿಕಾರವನ್ನೂ ಕೊಟ್ಟಿತು. ಅವರ ಪುಸ್ತಕದ ಮೂರನೇ ಮುದ್ರಣ ಬಂದ ವರ್ಷವೂ ಅದೇ.

ಥಾಮಸ್ ಹೇಳಿದ್ದೆಲ್ಲ ಒಪ್ಪಬೇಕು ಅಂತ ನಾವು ಹೇಳ್ತಿಲ್ಲ. ಅವರು ಆಳುವ ಸರ್ಕಾರದ ಮನುಷ್ಯ. ಅವರಿಗೆ ಗಾಳ ಒಂದು ಆಟ, ಹೊಳೆ ದಡದ ಬಡವನಿಗೆ ಕೂಣಿ ಅಂದ್ರೆ ಸಂಜೆಯ ಸಾರು. ದಂಡ ಹಾಕುವ ಕಾನೂನು ಮೊದಲು ಮುಟ್ಟೋದು ಅಂಥವರನ್ನೇ. ಅಲ್ಲದೆ ನಮ್ಮ ಜನಕ್ಕೆ ಮೀನು ಉಳಿಸೋದು ಗೊತ್ತಿರಲಿಲ್ಲ ಅನ್ನೋದೂ ಸುಳ್ಳು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಥಾಮಸ್ ಅವರದೇ ಜಿಲ್ಲೆಯಾಗಿದ್ದ ಶಿಶಿಲದ ಕಪಿಲೆಯಲ್ಲಿ ಮಹಸೀರುಗಳು ದೇವರ ಮೀನಾಗಿ ಉಳಿದಿವೆ. ಆದರೆ ದೇವರ ಹೆಸರೂ ಎಲ್ಲಾ ಸಲ ಸಾಲಲ್ಲ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಕಾನೂನು ಬಂದು ಆಗಲೇ 99 ವರ್ಷ ಆಗಿತ್ತು.

ಹೆಸರಿಲ್ಲದೆ ಕಳೆದ 145 ವರ್ಷ

ಈಗ ಮತ್ತೆ ಗೂನು ಮಹಸೀರಿಗೆ ಬರೋಣ. 1873ರಿಂದ ಗಾಳಗಾರರಿಗೆಲ್ಲ ಈ ಮೀನು ಗೊತ್ತಿತ್ತು. ಮೇಲಿನ ಎರಡು ದಾಖಲೆ ಬಂದದ್ದೂ ಇದರ ಸಾಮ್ರಾಜ್ಯದಲ್ಲೇ. ಆದರೆ ವಿಜ್ಞಾನದಲ್ಲಿ ಇದಕ್ಕೆ ಒಂದು ಖಚಿತ ಹೆಸರು ಇರಲಿಲ್ಲ. ಅಷ್ಟರಲ್ಲಿ ಕೆಆರ್‌ಎಸ್, ಮೆಟ್ಟೂರು, ಭವಾನಿಸಾಗರ, ಕಬಿನಿ ಅಂತ ಒಂದೊಂದೇ ಅಣೆಕಟ್ಟು ಬಂದವು. ಮರಳು ತೆಗೆದರು, ಡೈನಮೈಟ್ ಹಾಕೋದು ನಿಲ್ಲಲಿಲ್ಲ. ಮಹಸೀರ್ ಉಳಿಸ್ತೀವಿ ಅಂತ ಒಳ್ಳೆ ಮನಸ್ಸಿನಿಂದಲೇ ಬೇರೆ ಕಡೆಯ ನೀಲಿ ರೆಕ್ಕೆಯ ಮಹಸೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅವು ಚೆನ್ನಾಗಿ ಬೆಳೆದವು. ಗೂನು ಮಹಸೀರ್ ಕಮ್ಮಿಯಾಗ್ತಾ ಹೋಯಿತು.

ಇದು ಗೊತ್ತಾಗಿದ್ದು ಹೇಗೆ ಅನ್ನೋದೇ ನಮಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಗಾಳಿಬೋರೆ ಶಿಬಿರದಲ್ಲಿ ಮೀನು ಹಿಡಿದು, ತೂಕ ಅಂದಾಜು ಮಾಡಿ, ಜೀವಂತ ಬಿಡುವ ಪದ್ಧತಿ ಇತ್ತು. ಗಾಳಗಾರರಲ್ಲಿ ಹಳೇ ಸೂತ್ರ ಒಂದಿದೆ. ಇಂಚಿನಲ್ಲಿ ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತೆ, ತಕ್ಕಡಿಗೆ ನೇತು ಹಾಕೋದೇ ಬೇಡ. ಶಿಬಿರದವರು ಹಿಡಿದದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಸಂಶೋಧಕರು ತೆಗೆದು ನೋಡಿದರು. 23,000ಕ್ಕೂ ಹೆಚ್ಚು ಗಂಟೆಗಳ ಗಾಳ, 6,000ಕ್ಕೂ ಹೆಚ್ಚು ಮಹಸೀರ್. ನೀಲಿ ರೆಕ್ಕೆಯದು ಏರ್ತಿದೆ, ಗೂನಿನದು ಇಳೀತಿದೆ ಅಂತ ಸ್ಪಷ್ಟವಾಗಿ ಕಂಡಿತು. ಬೇರೆ ಯಾರೂ ಇಷ್ಟು ವರ್ಷದ ಡೇಟಾ ಇಟ್ಟಿರಲಿಲ್ಲ.

ನಂತರ ಹುಡುಕಿದಾಗ ಗೂನು ಮಹಸೀರ್ ಮೋಯಾರಿನಲ್ಲಿ ಸಿಕ್ಕಿತು. ಅದೂ ಕೇರಳದ ಪಾಂಬಾರ್ ಹೊಳೆಯಲ್ಲಿ ಮೊದಲೇ ವಿವರಿಸಿದ್ದ ಟೋರ್ ರೆಮಾದೇವಿ ಎಂಬ ಮೀನೂ ಒಂದೇ ಅಂತ 2018ರಲ್ಲಿ ಪ್ರಕಟವಾಯಿತು. ಅದೇ ವರ್ಷ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಥಾಮಸ್ ಪುಸ್ತಕ ಬಂದು 145 ವರ್ಷ ಆದ ಮೇಲೆ ಹೆಸರು ಸಿಕ್ಕಿತು. ಹೆಸರಿನ ಜೊತೆಗೇ ಎಚ್ಚರಿಕೆಯೂ ಬಂತು.

ರಾಡ್ ಇರುವ ಗೆಳೆಯರಿಗೆ

ಥಾಮಸ್ ಜೀವನದಿಂದ ನಾವು ತೆಗೆದುಕೊಂಡದ್ದು ಇಷ್ಟು. ಮೀನು ಹಿಡಿಯಲು ಹೊಳೆಯನ್ನು ಗಮನಿಸಿ ನೋಡಲೇಬೇಕು. ಹಾಗೆ ನೋಡಿದವನಿಗೆ ಹೊಳೆ ಹಾಳಾಗೋದು ಎಲ್ಲರಿಗಿಂತ ಮೊದಲು ಕಾಣುತ್ತೆ. ಕಂಡದ್ದನ್ನು ಬರೆದಿಡಬೇಕು.

ಮೋಯಾರಿಗೆ ರಾಡ್ ತಗೊಂಡು ಹೋಗೋ ಮಾತೇ ಬೇಡ. ಅದು ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿ ಗಾಳ ಹಾಕೋದು ಅಪರಾಧ. ಊರ ಕೆರೆಗಳನ್ನು ಬಹಳ ಕಡೆ ಮೀನು ಸಾಕಲು ಗುತ್ತಿಗೆ ಕೊಟ್ಟಿರ್ತಾರೆ, ಕೇಳಿಯೇ ಇಳೀರಿ. ಮಳೆಗಾಲದಲ್ಲಿ ಕೆರೆಯ ಮೇಲೆ ಕೆಂಪಗೆ ಗುಳ್ಳೆ ಎದ್ದ ಹಾಗೆ ಮರಿಗಳ ಗುಂಪು ಕಂಡರೆ, ಅದರ ಕೆಳಗೆ ಕೊರವದ ಅಪ್ಪ ಅಮ್ಮ ಕಾವಲಿಗೆ ಇರುತ್ತವೆ. ಅಲ್ಲಿ ಕಪ್ಪೆ ಎಸೆದರೆ ಖಂಡಿತ ಹೊಡೀತವೆ, ಹಸಿವಿಗಲ್ಲ, ಮಕ್ಕಳನ್ನು ಕಾಯೋಕೆ. ಆ ಒಂದು ಮೀನು ಎತ್ತಿದರೆ ನೂರಾರು ಮರಿ ಬೇರೆ ಮೀನಿನ ಪಾಲು. ಎಷ್ಟೇ ಒಳ್ಳೆ ಹೊತ್ತಾಗಿದ್ದರೂ ಅಲ್ಲಿ ಲ್ಯೂರ್ ಎಸೆಯಬೇಡಿ.

ಹಿಡಿದರೆ ತಾರೀಕು, ಗಂಟೆ, ಕೆರೆಯ ಹೆಸರು, ಲ್ಯೂರ್, ಉದ್ದ, ಸುತ್ತಳತೆ ಬರೆದಿಡಿ. ಏನೂ ಸಿಗದ ದಿನವನ್ನೂ ಬರೆದಿಡಿ, ಲೆಕ್ಕಕ್ಕೆ ಅದೂ ಬೇಕು. ಕನ್ನಡ ಸಂಘದ ರೂಮಿನಲ್ಲಿ ಅದಕ್ಕೆ ಅಂತಲೇ ನಾವು ಒಂದು ನೋಟ್‌ಬುಕ್ ಇಡ್ತಿದ್ದೇವೆ.